ಚೆನ್ನಮ್ಮಾಜಿಯ ಅವಧಾನಭಕ್ತಿ

ಮಾನವನು ಸಂಕಲ್ಪಿಸಿದುದು ಒಂದು, ಒದಗಿ ಬಂದುದು ಮತ್ತೊಂದು ಎಂಬ ಅನುಭವ ಎಲ್ಲ ಕಾಲಕ್ಕೂ ಇದ್ದುದೇ. ಅಂತಹ ವೇಳೆಯಲ್ಲಿ ಎಲ್ಲವೂ ಶಿವನಿಚ್ಛೆ ಎಂದು ನುಡಿಯುವುದು ಸುಲಭ. ಆ ನುಡಿಯ ಅರ್ಥವನ್ನು ನಡೆಯಲ್ಲಿ ತೋರುವುದು ಕಷ್ಟ. ಹಾಗೆ ನಡೆದು ತೋರಿದವರಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿ ಒಬ್ಬಳು. ದಾವಣಗೆರೆ ಜಿಲ್ಲೆಯ ಚನ್ನಗಿರಿ ಪಟ್ಟಣವು ಆಕೆಯ ಸ್ಮರಣೆಯನ್ನು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿದೆ. ಹುಲಿಕೆರೆಯ ಕೋಟೆಯನ್ನು ಆಕೆ ಬಲಪಡಿಸಿದ ಮೇಲೆ ಅದಕ್ಕೆ ಚೆನ್ನಗಿರಿಯೆಂಬ ಹೆಸರು ಬಂದಿತೆಂದು ಪ್ರತೀತಿ. ಬೆಟ್ಟದ ಮೇಲಣ ಕೋಟೆಯನ್ನು ಇಂದಿಗೂ ಕಾಣಬಹುದು.

ಚೆನ್ನಮ್ಮಾಜಿ ಅರಸುಮನೆತನದಲ್ಲಿ ಜನಿಸಿದವಳಲ್ಲ. ಕೋಟೆಪುರದ ಸಿದ್ದಪ್ಪ ಶೆಟ್ಟಿಯ ಮಗಳು. 1667ರಲ್ಲಿ ಸೋಮಶೇಖರ ನಾಯಕನ ಕೈಹಿಡಿದು ಬಿದನೂರಿನ ಅರಮನೆಯನ್ನು ಸೇರಿದಳು. ರಾಜ್ಯವಾಳುವುದು ಪತಿಯ ಹೊಣೆ, ಪೂಜೆ ದಾಸೋಹಗಳು ತನ್ನ ಪಾಲು ಎಂಬುದೇ ಆ ಕಾಲದ ರಾಜಪತ್ನಿಯ ಬಾಳಿನ ಸಹಜವಾದ ಹಾದಿ. ಆದರೆ ನಾಲ್ಕೇ ವರ್ಷಗಳಲ್ಲಿ ಆ ಹಾದಿ ಮುಚ್ಚಿಹೋಯಿತು. ರಾಜಕಾರ್ಯದಿಂದ ವಿಮುಖನಾದ ಸೋಮಶೇಖರ ನಾಯಕನು 1671ರಲ್ಲಿ ಕೊಲೆಯಾದನು. ರಾಣಿಗೆ ಮಕ್ಕಳಿರಲಿಲ್ಲ. ಸಿಂಹಾಸನಕ್ಕೆ ತಮ್ಮವರನ್ನು ಏರಿಸಲು ಒಳಗಿನವರು ಹೊಂಚಿದರೆ, ಬಿಜಾಪುರದ ಸೇನೆ ಹೊರಗಿನಿಂದ ಏರಿಬಂದಿತು.

ಚೆನ್ನಮ್ಮಾಜಿ ಬಿದನೂರನ್ನು ಬಿಟ್ಟು ಕಾಡಿನ ನಡುವಣ ಭುವನಗಿರಿ ದುರ್ಗವನ್ನು ಸೇರಿದಳು. ರಾಜಧಾನಿಯನ್ನು ತೊರೆದುದು ಮೇಲ್ನೋಟಕ್ಕೆ ಸೋಲು. ಆದರೆ ಆ ಹಿಂಜರಿಕೆಯೇ ರಾಜ್ಯವನ್ನು ಉಳಿಸಿತು. ನಿಷ್ಠಾವಂತರಾದ ಅಧಿಕಾರಿಗಳು ಅಲ್ಲಿ ಆಕೆಯ ಬಳಿ ನೆರೆದರು. ಚದುರಿದ್ದ ಸೇನೆ ಮತ್ತೆ ಕೂಡಿತು. ಬಿದನೂರು ಮರಳಿ ದೊರೆಯಿತು. ಮುಂದೆ ಸುಮಾರು ಇಪ್ಪತ್ತೈದು ವರ್ಷ ಆಕೆ ರಾಜ್ಯವಾಳಿದಳು.

ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತನದು ಶ್ರದ್ಧಾಭಕ್ತಿ, ಮಾಹೇಶ್ವರನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ ಎಂದು ಹೇಳಲಾಗಿದೆ. ಈ ಕ್ರಮ ಗಮನಾರ್ಹವಾದುದು. ದೇವರಲ್ಲಿ ನಂಬಿಕೆಯಿಡುವುದು ಮೊದಲ ಮೆಟ್ಟಿಲು. ಕಷ್ಟದಲ್ಲಿಯೂ ಅದರಿಂದ ಕದಲದಿರುವುದು ಎರಡನೆಯದು. ಬಂದುದನ್ನು ಪ್ರಸಾದವೆಂದು ಸ್ವೀಕರಿಸುವ ಮೂರನೆಯ ಮೆಟ್ಟಿಲಿಗೆ ಅವಧಾನವೆಂದು, ಅಂದರೆ ಎಚ್ಚರವೆಂದು, ಹಿರಿಯರು ಹೆಸರಿಟ್ಟರು. ಪ್ರಸಾದವನ್ನು ಮೈಮರೆತು ಕೈಚೆಲ್ಲಿ ಸ್ವೀಕರಿಸಲಾಗದು. ತಾನು ಬಯಸಿದ ಬಾಳು ಕೈತಪ್ಪಿದಾಗ ದೊರೆತ ಬಾಳನ್ನು ಅಷ್ಟೇ ಎಚ್ಚರದಿಂದ ಕೈಯೊಡ್ಡಿ ಪಡೆಯುವುದೇ ನಿಜವಾದ ನಂಬಿಕೆ.

ಈ ಎಚ್ಚರವು ಕಠಿನ ಪರೀಕ್ಷೆಗೆ ಗುರಿಯಾದುದು 1689ರಲ್ಲಿ. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದನು. ಮೊಗಲರು ರಾಯಗಡವನ್ನು ಮುತ್ತಿದರು. ಶಿವಾಜಿಯ ಕಿರಿಯ ಮಗ ರಾಜಾರಾಮನು ದಕ್ಷಿಣದ ಜಿಂಜಿಯತ್ತ ಹೊರಟನು. ಲಿಂಗಾಯತ ಯಾತ್ರಿಕರ ವೇಷದಲ್ಲಿ ಆತನೂ ಸಂಗಡಿಗರೂ ಸಾಗಿದರೆಂದು ಮರಾಠರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಆತನು ಚೆನ್ನಮ್ಮಾಜಿಯ ಆಶ್ರಯವನ್ನು ಬೇಡಿದನು. 1665ರಲ್ಲಿ ಕೆಳದಿಯ ರೇವುಪಟ್ಟಣವಾದ ಬಸರೂರನ್ನು ಸೂರೆಗೊಂಡವನು ಇದೇ ರಾಜಾರಾಮನ ತಂದೆ. ಆತನಿಗೆ ಆಶ್ರಯ ನೀಡಿದರೆ ಔರಂಗಜೇಬನ ಕೋಪಕ್ಕೆ ಗುರಿಯಾಗಬೇಕು. ನಿರಾಕರಿಸಿದರೆ ಬಾಗಿಲಿಗೆ ಬಂದವನನ್ನು ಸಾವಿಗೆ ಒಪ್ಪಿಸಿದಂತೆ. ಹದಿನೆಂಟು ವರ್ಷ ಶ್ರಮಿಸಿ ಕಟ್ಟಿದ ನೆಮ್ಮದಿಯನ್ನೇ ಪಣಕ್ಕೊಡ್ಡಿ ರಾಣಿ ಅಭಯವನ್ನಿತ್ತಳು. ತನ್ನ ಸೀಮೆಯನ್ನು ದಾಟಿ ಹೋಗಲು ರಾಜಾರಾಮನಿಗೆ ನೆರವಾದಳು. ಆತನು ಜಿಂಜಿಯನ್ನು ಸೇರಿದನು. ಮೊಗಲ ಸೇನೆ ಕೆಳದಿಯ ಮೇಲೆ ಏರಿಬಂದಾಗ ರಾಣಿ ಎದುರಿಸಿ ಕಾದಿದಳು, ಕೊನೆಗೆ ಸಂಧಿಯಾಯಿತು. ಅಭಯದ ಬೆಲೆಯಾಗಿ ಕಾಣಿಕೆಯನ್ನು ತೆರಬೇಕಾಗಿ ಬಂದರೂ ರಾಜ್ಯ ಉಳಿಯಿತು, ಕೊಟ್ಟ ಮಾತೂ ಉಳಿಯಿತು.

ಒಡಲಲ್ಲಿ ಮಗನನ್ನು ಪಡೆಯದ ಚೆನ್ನಮ್ಮಾಜಿ ಬಸಪ್ಪನನ್ನು ದತ್ತು ಸ್ವೀಕರಿಸಿ ರಾಜನೀತಿಯಲ್ಲಿ ಪಳಗಿಸಿದಳು. ಆಕೆಯ ತರುವಾಯ 1697ರಿಂದ 1714ರವರೆಗೆ ಆಳಿದ ಬಸವಪ್ಪ ನಾಯಕನೇ ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಮಹಾಗ್ರಂಥವನ್ನು ರಚಿಸಿದನು. 1709ರಲ್ಲಿ ಸಿದ್ಧಗೊಂಡ ಆ ಕೃತಿಯಲ್ಲಿ 9 ಕಲ್ಲೋಲಗಳೂ 108 ತರಂಗಗಳೂ ಇವೆ. ಧರ್ಮದಿಂದ ಪಾಕಶಾಸ್ತ್ರದವರೆಗೆ ಹಲವು ವಿದ್ಯೆಗಳು ಅದರಲ್ಲಿ ಅಡಗಿವೆ. ಬರಿದಾಗಿ ಕಂಡ ಮಡಿಲಿನಿಂದ ನಾಡಿಗೆ ಒಬ್ಬ ಪಂಡಿತಪ್ರಭು ದೊರೆತನು. 1671ರ ಆ ದುರ್ದಿನದಲ್ಲಿ ಇದನ್ನು ಯಾರು ತಾನೇ ಊಹಿಸಬಲ್ಲವರಾಗಿದ್ದರು?

ಹೊಣೆಗಳು ಬೇರೆಯಾದರೂ ಇದೇ ಧರ್ಮವನ್ನು ಈ ಸೀಮೆಯ ಬೇಸಾಯಗಾರರು ಬಾಳಿ ತೋರುತ್ತಿದ್ದಾರೆ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಉಕ್ಕಿದರೆ ಗದ್ದೆಯ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ. ಹೊನ್ನಾಳಿಯಿಂದ ಬೇರ್ಪಟ್ಟು 2018ರಲ್ಲಿ ತಾಲ್ಲೂಕಾದ ನ್ಯಾಮತಿಯಲ್ಲಿಯೂ ಮುಗಿಲನ್ನು ನೋಡಿಯೇ ಮುಂದಿನ ಕೆಲಸ. ಬರಕ್ಕೆ ಹೆಸರಾದ ಜಗಳೂರಿನಲ್ಲಿ ಮೃಗಶಿರೆಯ ಮಳೆ ತಪ್ಪಿ ಆರಿದ್ರೆಗೆ ಬಂದರೆ ಬಿತ್ತುವ ಬೀಜ ಬದಲಾಗುತ್ತದೆ. ಬಿತ್ತುವ ಕೈ ನಿಲ್ಲುವುದಿಲ್ಲ. ಮಳೆ ತಪ್ಪಿತೆಂದು ದೇವರನ್ನು ದೂರಿ ಕುಳಿತವನ ಹೊಲ ಬೀಳುಬಿದ್ದೀತು. ದೇವರು ನೋಡಿಕೊಳ್ಳುತ್ತಾನೆಂದು ಮಲಗಿದವನ ಹೊಲವೂ ಬೀಳೇ.

ಆದ್ದರಿಂದ ಸಂಕಲ್ಪ ಮುರಿದ ಗಳಿಗೆಯಲ್ಲಿ ಭಕ್ತನು ಕೇಳಬೇಕಾದ ಪ್ರಶ್ನೆ ‘ನನಗೇಕೆ ಹೀಗಾಯಿತು’ ಎಂಬುದಲ್ಲ, ‘ಈಗ ನನ್ನ ಕಾಯಕವಾವುದು’ ಎಂಬುದು. ಈ ಪ್ರಶ್ನೆಯನ್ನು ಕೇಳಿಕೊಂಡವನಿಗೆ ನಂಬಿಕೆಯೂ ದುಡಿಮೆಯೂ ಬೇರೆಬೇರೆಯಾಗಿ ತೋರವು. ಚೆನ್ನಮ್ಮಾಜಿ ಬಯಸಿದ ಬಾಳು ಯಾವ ಶಾಸನದಲ್ಲಿಯೂ ಉಳಿಯಲಿಲ್ಲ. ಬಂದ ಬಾಳನ್ನು ಎಚ್ಚರದಿಂದ ನಡೆಸಿದ್ದರಿಂದ ಆಕೆಯ ಹೆಸರು ಒಂದು ಊರಾಗಿ ನೆಲೆನಿಂತಿತು.