ಎಷ್ಟು ಹೊತ್ತು ಉಣ್ಣಬೇಕು? ಒಪ್ಪತ್ತಿನಿಂದ ಆರು ಹೊತ್ತಿನ ತನಕ

ಭಾಗ 1/7: ಗೋಡೆ ಮ್ಯಾಲಿನ ಹಾಳಿ

ಮೊದಲನೇ ಫೋಟೋ ನಮ್ಮ ನರೋಣಾದ ಅಡಗಿಮನಿದು. ಡಬ್ಬಿಗಳ ಮ್ಯಾಲೆ ಗೋಡೆಗೆ ಒಂದು ಹಾಳಿ ಅಂಟಿಸೇವಲ್ಲ, ಝೂಮ್ ಮಾಡಿ ನೋಡ್ರಿ. ಮುಂಜಾನೆ 7, 9:30, ಮಧ್ಯಾಹ್ನ 12, 2:30, ಸಂಜೆ 5, ರಾತ್ರಿ 7:30. ಒಟ್ಟು ಆರು ಹೊತ್ತು. ಅದು ನಮ್ಮ ಅತ್ತಿ, ಅಂದ್ರೆ ನಮ್ಮಪ್ಪನ ತಂಗಿಯ ಊಟದ ಟೈಮ್ ಟೇಬಲ್. ಪಂಚಮಿಗೆ ತವರಿಗೆ ಬರುವ ನಾಲ್ಕು ತಿಂಗಳು ಮೊದಲು ಹೈದರಾಬಾದಿನಲ್ಲಿ ಆಕೆಗೆ ತೂಕ ಇಳಿಸೋ ಆಪರೇಷನ್ ಆಗಿತ್ತು. ಗ್ಯಾಸ್ಟ್ರಿಕ್ ಬೈಪಾಸ್. ಶುಗರ್ ಹತೋಟಿಗೆ ಬರ್ತಿದ್ದಿಲ್ಲ, ಮೊಣಕಾಲು ಹೋಗಿದ್ವು.

ನಮ್ಮ ಆಯಿ ಆ ಹಾಳಿ ನೋಡಿ ನಕ್ಕಳು. ನಿಮ್ಮ ಮನ್ಯಾಗೂ ಯಾರಾದ್ರೂ ಹೇಳಿರ್ತಾರ: ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ್ನ ಹೊತ್ತುಕೊಂಡು ಹೋಗಿ. "ಆರು ಹೊತ್ತು ಉಂಡ್ರ ಏನಂತಾರವ್ವಾ? ತೂಕ ಇಳಸ್ಲಾಕ ರೊಕ್ಕ ಕೊಟ್ಟು ಬಂದು ಆರು ಸಲ ಉಣ್ಲಕತ್ತೀಯಲ್ಲ!" ಅಂದಳು. ಅತ್ತಿ ಏನೂ ಅನ್ನಲಿಲ್ಲ.

ಪಂಚಮಿ ದಿನ ನಾಗಪ್ಪಗ ಹಾಲು ಎರೆಯೋದು ಮುಗಿಯೂತನಕ ಆಕೆ 9:30ರದ್ದೂ ಬಿಟ್ಟಳು, 12ರದ್ದೂ ಬಿಟ್ಟಳು. ಆಮ್ಯಾಲೆ ನಾನು ಎರಡು ಶೇಂಗಾ ಉಂಡಿ ತಂದು, "ಪಂಚಮಿ ಉಂಡಿ ಒಲ್ಲೆ ಅನಬಾರ್ದು ಅತ್ತಿ" ಅಂತ ಒತ್ತಾಯ ಮಾಡಿ ತಿನ್ನಿಸಿದೆ. ಕಾಲು ತಾಸಿನಾಗ ಆಕೆ ಮೈಯೆಲ್ಲಾ ಬೆವರು. ಎದಿ ಡಬ ಡಬ. ಹೊಟ್ಟಿ ಹಿಡ್ಕೊಂಡು ಚಾಪಿ ಮ್ಯಾಲೆ ಬಿದ್ದಳು. ಡಾಕ್ಟರಿಗೆ ಫೋನ್ ಹಚ್ಚಿದ್ವಿ. ಮಲಗಿಸ್ರಿ, ಇದು ಡಂಪಿಂಗ್, ಖಾಲಿ ಹೊಟ್ಟಿಗೆ ಸಿಹಿ ಕೊಟ್ಟಿರಿ ಅಂದ್ರು. ತಾಸಿನ ಮ್ಯಾಲೆ ಸರಿ ಆಯ್ತು.

ಉಂಡಿ ಕೊಟ್ಟಾಕಿ ನಾನು. ಅದಕ್ಕೇ ಆ ರಾತ್ರಿ ಓದಲಿಕ್ಕೆ ಕೂತೆ. ಈ "ಆರು" ಎಲ್ಲಿಂದ ಬಂತು? ಆಯಿಯ "ಒಂದು, ಎರಡು" ಎಲ್ಲಿಂದ ಬಂತು? (ಅತ್ತಿನ ಕೇಳೇ ಇದನ್ನ ಬರೀಲಕತ್ತೀನಿ.)

ಭಾಗ 2/7: ಒಂದು ಹೊತ್ತಿನವರು

ಒಂದು ಹೊತ್ತು ಅಂದ್ರೇನೇ ಒಪ್ಪತ್ತು. ಶ್ರಾವಣ ಸೋಮವಾರ ನಮ್ಮ ಓಣಿಯಲ್ಲಿ ಅರ್ಧ ಮನೆಗಳು ಒಪ್ಪತ್ತು ಇರ್ತಾವ. ಆದರೆ ಇದು ನಮ್ಮ ಜಿಲ್ಲೆಯಲ್ಲಿ ಎಷ್ಟು ಹಳೇದು ಅಂತ ನನಗೆ ಅಂದಾಜೇ ಇದ್ದಿಲ್ಲ.

ಚಿತ್ತಾಪುರ ತಾಲ್ಲೂಕಿನ ಸನ್ನತಿ ಗೊತ್ತಲ್ಲ? ಭೀಮಾ ದಂಡಿ ಮ್ಯಾಲೆ, ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಬರೆದ ಶಿಲ್ಪ ಸಿಕ್ಕ ಬೌದ್ಧ ಸ್ತೂಪ ಅದ. ಬೌದ್ಧ ಭಿಕ್ಷುಗಳ ನಿಯಮ: ಮಧ್ಯಾಹ್ನ ದಾಟಿದ ಮೇಲೆ ಊಟ ಇಲ್ಲ. ಇನ್ನು ಸೇಡಂ ತಾಲ್ಲೂಕಿನ ಮಳಖೇಡ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ರಾಜಧಾನಿ, ಜೈನ ವಿದ್ವಾಂಸರ ದೊಡ್ಡ ನೆಲೆ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಕೈಯನ್ನೇ ಪಾತ್ರೆ ಮಾಡಿಕೊಂಡು ಉಣ್ತಾರೆ. ಇವತ್ತಿಗೂ ಅದೇ ನಿಯಮ.

ಅಂದ್ರೆ "ಒಂದು ಹೊತ್ತು ಉಂಡವ ಯೋಗಿ" ಅನ್ನೋದು ಬರೀ ಪ್ರಾಸಕ್ಕೆ ಹುಟ್ಟಿದ ಮಾತಲ್ಲ. ಹಂಗೆ ಬದುಕಿದವರು ಇಲ್ಲೇ ಇದ್ದರು. ಆದರೆ ಒಂದು ಮಾತು ನೆನಪಿಡ್ರಿ, ಅವರು ಒಂದು ಹೊತ್ತು ಉಂಡದ್ದು ವೈರಾಗ್ಯಕ್ಕೆ. ತೂಕ ಇಳಿಸಲಿಕ್ಕೆ ಅಲ್ಲ, ರೋಗ ವಾಸಿ ಮಾಡಲಿಕ್ಕೂ ಅಲ್ಲ.

ಭಾಗ 3/7: ಭೋಗಿ, ವೈದ್ಯ, ರೈತ

ಎರಡನೇ ಸಾಲಿನ "ಭೋಗಿ"ಯೂ ನಮ್ಮ ಪಕ್ಕದಾಗೇ ಸಿಗ್ತಾನೆ. ಆಳಂದದ ಈಶಾನ್ಯಕ್ಕೆ ಬಸವಕಲ್ಯಾಣ, ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ 1126ರಿಂದ ಆಳಿದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ರಾಜನ ಭೋಗಗಳ ಪಟ್ಟಿಯಲ್ಲಿ ಅನ್ನಭೋಗ ಅಂತಲೇ ಒಂದು ಭಾಗ ಅದ. ಇಡ್ಲಿಯ ಪೂರ್ವಜ, ವಡೆ, ಮಾಂಸದ ಅಡುಗೆ, ಎಲ್ಲಾ ಬರ್ತಾವ.

ವೈದ್ಯರ ಮಾತು ಬೇರೆ ಇತ್ತು. ಚರಕ ಸಂಹಿತೆ ಹೊಟ್ಟೆಯನ್ನು ಮೂರು ಪಾಲು ಮಾಡಿ ಲೆಕ್ಕ ಹಾಕ್ತದ: ಒಂದು ಪಾಲು ಗಟ್ಟಿ ಆಹಾರಕ್ಕೆ, ಒಂದು ನೀರಿನಂಥದ್ದಕ್ಕೆ, ಒಂದು ಖಾಲಿ ಬಿಡಲಿಕ್ಕೆ. ಮೊದಲು ಉಂಡದ್ದು ಜೀರ್ಣ ಆದ ಮೇಲೆ ಮಾತ್ರ ಮತ್ತೆ ಉಣ್ಣು ಅಂತದ. ಗಮನಿಸ್ರಿ, ಇಲ್ಲಿ ವೈದ್ಯ ಶುರು ಮಾಡಿದ್ದು ಹೊತ್ತು ಎಣಿಸೋದರಿಂದ ಅಲ್ಲ. ಹೊಟ್ಟೆ ಎಷ್ಟು ದೊಡ್ಡದು, ಅದು ಯಾವಾಗ ಖಾಲಿ ಆಗ್ತದ ಅನ್ನೋದರಿಂದ.

ಇನ್ನು ರೈತ. ನಮ್ಮ ಮುತ್ಯಾನ ದಿನಚರಿ ಆಯಿ ಹೇಳ್ತಾಳ. ಮುಂಜಾನೆ ನ್ಯಾರಿ, ಮಧ್ಯಾಹ್ನ ಹೊಲದಾಗ ಬುತ್ತಿ ಗಂಟು, ರಾತ್ರಿ ಊಟ. ಜೋಳ ಕೊಯ್ಯೋ ದಿನ, ತೊಗರಿ ರಾಶಿ ದಿನ ಇನ್ನೂ ಒಂದು ಸಲ. ಗಾದೆ ಪ್ರಕಾರ ಮುತ್ಯಾ ರೋಗಿ ಆಗಬೇಕಿತ್ತು! ಅವನು ಎಂಬತ್ತು ದಾಟಿ ಬದುಕಿದ. ಗಾದೆ ಕಟ್ಟಿದವರು ಸುಳ್ಳು ಹೇಳಿಲ್ಲ. ಆದರೆ ಮಠದಾಗ ಕೂತವನ ಹೊತ್ತು ಬೇರೆ, ನೇಗಿಲು ಹಿಡಿದವನ ಹೊತ್ತು ಬೇರೆ.

ಭಾಗ 4/7: ಹೊಟ್ಟೆ ಕೊಯ್ದಾಗ ಗೊತ್ತಾದದ್ದು

ಈಗ ದೂರ ಹೋಗೋಣ, ವಿಯೆನ್ನಾಕ್ಕೆ. 1881ರ ಜನವರಿ 29ಕ್ಕೆ ಥಿಯೋಡರ್ ಬಿಲ್‌ರೋತ್ ಅನ್ನೋ ಸರ್ಜನ್, ಕ್ಯಾನ್ಸರ್ ಆದ ಹೆಣ್ಣುಮಗಳೊಬ್ಬಳ ಜಠರದ ಕೆಳಭಾಗ ತೆಗೆದು ಉಳಿದದ್ದನ್ನ ಕರುಳಿಗೆ ಜೋಡಿಸಿದ. ಆಕೆ ಆಪರೇಷನ್‌ನಿಂದ ಬದುಕಿ ಉಳಿದಳು, ಕ್ಯಾನ್ಸರ್ ತಿರುಗಿ ಬಂದು ಕೆಲವೇ ತಿಂಗಳಲ್ಲಿ ಹೋದಳು. 1897ರಲ್ಲಿ ಜ್ಯೂರಿಕ್‌ನಲ್ಲಿ ಕಾರ್ಲ್ ಶ್ಲಾಟರ್ ಇನ್ನೊಬ್ಬ ಹೆಣ್ಣುಮಗಳ ಜಠರವನ್ನ ಪೂರ್ತಿ ತೆಗೆದ. ಆಕೆ ಒಂದು ವರ್ಷಕ್ಕಿಂತ ಹೆಚ್ಚು ಬದುಕಿದಳು. ಜಠರ ಇಲ್ಲದೆಯೂ ಮನುಷ್ಯ ಉಂಡು ಬದುಕಬಹುದು ಅಂತ ಜಗತ್ತಿಗೆ ಗೊತ್ತಾಯ್ತು.

ಆಮೇಲೆ ಅಲ್ಸರ್‌ಗೆ ಇಂಥ ಆಪರೇಷನ್ ಸಾವಿರಾರು ಆದವು. ಆಗ ಹೊಸ ತೊಂದರೆ ಕಂಡಿತು. ಊಟ ಆದ ಸ್ವಲ್ಪ ಹೊತ್ತಿಗೆ ಬೆವರು, ಎದೆ ಬಡಿತ, ತಲೆ ಸುತ್ತು, ಭೇದಿ. 1913ರಲ್ಲಿ ಆರ್ಥರ್ ಹರ್ಟ್ಜ್ ಅನ್ನೋ ಇಂಗ್ಲಿಷ್ ವೈದ್ಯ ಇದನ್ನ ಬರೆದಿಟ್ಟ. 1922ರಲ್ಲಿ ಚಾರ್ಲ್ಸ್ ಮಿಕ್ಸ್ ಇದಕ್ಕೆ "ಡಂಪಿಂಗ್" ಅಂತ ಹೆಸರು ಕೊಟ್ಟ. ನಮ್ಮ ಪಡಸಾಲ್ಯಾಗ ಪಂಚಮಿ ದಿನ ಆದದ್ದು ಇದೇ. ನೂರು ವರ್ಷದ ಹಿಂದೇನೇ ಹೆಸರಿಟ್ಟ ತೊಂದರೆ.

ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಜಠರ ಅಂದ್ರೆ ಗೋದಾಮು. ತೊಗರಿ ಲಾರಿ ಬಂದ್ರೆ ಒಳಗೆ ಇಳಿಸ್ಕೊಂಡು, ಗೇಟಿನಲ್ಲಿ ಒಂದೊಂದೇ ಚೀಲ ಮಿಲ್ಲಿಗೆ ಬಿಡ್ತದ. ಗೋದಾಮೂ ಸಣ್ಣದು ಮಾಡಿ, ಗೇಟೂ ತಪ್ಪಿಸಿದ್ರೆ? ಇಡೀ ಲಾರಿ ಒಮ್ಮೆಲೇ ಮಿಲ್ಲಿನಾಗ ಸುರೀತದ. ಸಕ್ಕರೆ, ಬೆಲ್ಲ ಹಂಗೆ ಸಣ್ಣ ಕರುಳಿಗೆ ಬಿದ್ರೆ ಅದು ರಕ್ತದಿಂದ ನೀರು ಎಳ್ಕೊಳ್ತದ. ಕೆಲವರಿಗೆ ಒಂದರಿಂದ ಮೂರು ತಾಸಿನ ಮೇಲೆ ಶುಗರ್ ಧಪ್ಪಂತ ಇಳಿದು ಮತ್ತೊಂದು ಸುತ್ತು ಬೆವರು ಬರ್ತದ. ಅದಕ್ಕೆ ವೈದ್ಯರು ಕಂಡುಕೊಂಡ ದಾರಿ: ಸ್ವಲ್ಪ ಉಣ್ಣು, ಹೆಚ್ಚು ಸಲ ಉಣ್ಣು, ಸಿಹಿ ಬಿಡು, ಉಣ್ಣುವಾಗ ನೀರು ಕುಡೀಬ್ಯಾಡ. ಗೋಡೆ ಮೇಲಿನ ಹಾಳಿಯ ಬೇರು ಇಲ್ಲಿ ಅದ.

ಭಾಗ 5/7: ತೂಕಕ್ಕೆ ಕತ್ತರಿ

ತೂಕ ಇಳಿಸಲಿಕ್ಕೇ ಅಂತ ಆಪರೇಷನ್ ಬಂದದ್ದು ಆಮೇಲೆ. 1954ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕ್ರೆಮೆನ್ ಮತ್ತು ಲಿನ್ನರ್ ಕರುಳಿನ ಬಹುಭಾಗ ತಪ್ಪಿಸಿ ಜೋಡಿಸೋ ವಿಧಾನ ಪ್ರಕಟಿಸಿದರು. ಜಠರ ಮುಟ್ಟಲಿಲ್ಲ. ಉಂಡದ್ದು ಮೈಗೆ ಹತ್ತದಂಗೆ ಮಾಡೋದಷ್ಟೇ ಉಪಾಯ. ತೂಕ ಇಳೀತು. ಜೊತೆಗೆ ನಿಲ್ಲದ ಭೇದಿ, ಕಿಡ್ನಿ ಕಲ್ಲು, ಲಿವರ್ ಹಾಳಾಗೋದು ಬಂತು. ಕೊನೆಗೆ ಆ ವಿಧಾನ ಕೈಬಿಟ್ಟರು.

ಅಯೋವಾದ ಎಡ್ವರ್ಡ್ ಮೇಸನ್ ಬೇರೆ ಒಂದು ಸಂಗತಿ ಗಮನಿಸಿದ. ಅಲ್ಸರ್‌ಗೆ ಜಠರ ಕತ್ತರಿಸಿಕೊಂಡವರು ಮತ್ತೆ ದಪ್ಪ ಆಗ್ತಾ ಇದ್ದಿಲ್ಲ. ಒಬ್ಬರಿಗೆ ತೊಂದರೆ ಆದದ್ದನ್ನೇ ಇನ್ನೊಬ್ಬರಿಗೆ ಮದ್ದು ಮಾಡಿದ. 1966ರಲ್ಲಿ ಮೇಸನ್ ಮತ್ತು ಚಿಕಾಶಿ ಇಟೋ ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದರು. ಇವತ್ತಿನ ಬೈಪಾಸಿನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಸೋ ಸಣ್ಣ ಚೀಲ ಮಾತ್ರ ಉಳಿಸ್ತಾರೆ. 30 ಮಿಲಿ ಅಂದ್ರೆ ಎರಡು ದೊಡ್ಡ ಚಮಚ! ಇನ್ನೊಂದು ಬಗೆ ಸ್ಲೀವ್. ಅದರಲ್ಲಿ ಜಠರವನ್ನ ಉದ್ದಕ್ಕೆ ಕತ್ತರಿಸಿ ಬಾಳೆಹಣ್ಣಿನಂಥ ಕೊಳವೆ ಉಳಿಸ್ತಾರೆ.

(ಓಣಿಯವರು "ಕೊಬ್ಬು ತೆಗೀಲಾಕ ಹೋಗಿ ಬೆಂಗಳೂರಾಗ ಟೀವಿ ನಟಿ ಸತ್ತಳಲ್ಲ, ಅದೇ ಏನು?" ಅಂತ ಕೇಳಿದ್ರು. 2022ರ ಮೇ ತಿಂಗಳ ಆ ಸುದ್ದಿ ಚರ್ಮದ ಕೆಳಗಿನ ಕೊಬ್ಬು ತೆಗೆಯೋ ಸರ್ಜರಿಯದು. ಇದು ಬೇರೆ.)

ಮತ್ತೊಂದು ತುಂಡು ಸಿಕ್ಕದ್ದು 1999ರಲ್ಲಿ. ಜಪಾನಿನ ಕೊಜಿಮಾ ಮತ್ತು ಕಂಗಾವಾ ಜಠರದಲ್ಲೇ ಹುಟ್ಟೋ, ಹಸಿವು ಎಬ್ಬಿಸೋ ಹಾರ್ಮೋನ್ ಕಂಡುಹಿಡಿದರು. ಹೆಸರು ಘ್ರೆಲಿನ್. ಆಪರೇಷನ್ ಆದ ಮೇಲೆ ಮೊದಲ ತಿಂಗಳುಗಳಲ್ಲಿ ಎಷ್ಟೋ ಜನರಿಗೆ ಹಸಿವೇ ಆಗೋದಿಲ್ಲ. ಅತ್ತಿಗೂ ಹಂಗೇ. "ಹಸಿವಾದಾಗ ಉಣ್ಣು" ಅಂತ ನಾವು ಹೇಳ್ತಿದ್ವಿ. ಆಕೆಗೆ ಹಸಿವೇ ಇಲ್ಲ! ಅದಕ್ಕೇ ಗಡಿಯಾರ ನೋಡಿ ಉಣ್ಣಬೇಕು.

ಭಾಗ 6/7: ಆರು ಯಾಕೆ, ಹತ್ತು ಯಾಕಲ್ಲ?

ಲೆಕ್ಕ ಮಾಡ್ರಿ. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತಾರೆ. ಇಲ್ಲಾಂದ್ರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗ್ತದ, ಕೂದಲು ಉದುರ್ತದ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ. ಅಂದ್ರೆ 60 ಗ್ರಾಂಗೆ ಹತ್ತು ತತ್ತಿ. ಎರಡು ಚಮಚದ ಚೀಲಕ್ಕೆ ಇದನ್ನ ಒಪ್ಪತ್ತಿನಾಗ ತುಂಬ್ಲಿಕ್ಕೆ ಆಗ್ತದೇನು? ಒಂದು ಸಲಕ್ಕೆ 10 ಗ್ರಾಂ ಹಿಡೀತದ ಅಂದ್ಕೊಂಡ್ರೆ, 60 ಭಾಗಿಸು 10, ಬಂತು ಆರು. ಇಷ್ಟೇ ಗುಟ್ಟು. ಆರು ಹೊತ್ತು ಅನ್ನೋದು ಹೆಚ್ಚು ಉಣ್ಣೋದಲ್ಲ. ಒಂದು ಊಟವನ್ನ ಆರು ಕಂತಿನಲ್ಲಿ ಕಟ್ಟೋದು.

ಮೊದಲ ದಿನಗಳಲ್ಲಿ ಗುಟುಕು ಗುಟುಕು ನೀರು, ತಿಳಿ. ಆಮೇಲೆ ಮಜ್ಜಿಗಿ, ಬೇಳೆ ಕಟ್ಟು, ಗಂಜಿ. ಆಮೇಲೆ ಅರೆದದ್ದು, ಮೆತ್ತಗಿನದು. ಕೊನೆಗೆ ಗಟ್ಟಿ ಊಟ. ನಮ್ಮ ಕಟಕ್ ರೊಟ್ಟಿಗೆ ಸರದಿ ಬರೋದು ತಡ. ನೀರು ಕುಡಿದ್ರೆ ಊಟ ಆದ ಅರ್ಧ ತಾಸಿನ ಮೇಲೆ. ಒಂದು ತುತ್ತು ಚೆನ್ನಾಗಿ ಅಗಿದು ನುಂಗೋದು. ಸಾಕು ಅನಿಸಿದ್ರೆ ತಟ್ಟೆಯಲ್ಲಿ ಉಳಿದ್ರೂ ಬಿಡೋದು. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ಜೀವನಪೂರ್ತಿ.

ಆದರೆ ಕತೆ ಆರರಲ್ಲೇ ನಿಲ್ಲೋದಿಲ್ಲ. ಇಡೀ ದಿನ ಚೂರು ಚೂರು ಬಾಯಾಡಿಸೋವರಿಗೆ ಇಳಿದ ತೂಕ ಮತ್ತೆ ಏರೋದನ್ನ ವೈದ್ಯರು ಕಂಡರು. ಚೂಡಾ, ಬಿಸ್ಕೀಟ್, ಚಹಾ ಸಣ್ಣ ಚೀಲದಾಗೂ ಜಾರಿ ಹೋಗ್ತಾವ. 2013ರ ಅಮೆರಿಕದ ಮಾರ್ಗಸೂಚಿ ದಿನಕ್ಕೆ ಮೂರು ಸಣ್ಣ ಊಟ ಅಂತಲೇ ಹೇಳ್ತದ. ಅಂದ್ರೆ ಶುರುವಿಗೆ ಐದಾರು, ಚೀಲ ಒಗ್ಗಿದಂಗೆ ಮೂರು, ಬೇಕಾದ್ರೆ ನಡುವೆ ಒಂದೆರಡು ಸಣ್ಣದು. ಯಾರಿಗೆ ಎಷ್ಟು ಅನ್ನೋದು ಅವರವರ ಡಾಕ್ಟರ್, ಡಯಟೀಷಿಯನ್ ಬರೆದ ಹಾಳಿಯೇ ಹೇಳಬೇಕು. ನನ್ನ ಕ್ಯಾಪ್ಷನ್ ಅಲ್ಲ.

ತಮಾಷೆ ನೋಡ್ರಿ. ಎಲ್ಲಾ ಸುತ್ತಿ ಬಂದ್ರೆ ಮುತ್ಯಾನ ಮೂರು ಹೊತ್ತಿಗೇ ಬಂದು ನಿಂತ್ವಿ. ಬಟ್ಟಲು ಮಾತ್ರ ಸಣ್ಣದು.

ಭಾಗ 7/7: ಕೊನೆ ಸೋಮವಾರ

ಇದನ್ನೆಲ್ಲ ಆಯಿಗೆ ಗೋದಾಮಿನ ಕತೆ ಮಾಡಿ ಹೇಳಿದೆ. ಹೂಂ ಅಂದಳು, ಮತ್ತೇನೂ ಅನ್ನಲಿಲ್ಲ. ನನಗೆ ಚಿಂತೆ ಇದ್ದದ್ದು ಶ್ರಾವಣದ ಕೊನೆ ಸೋಮವಾರದ್ದು. ಅತ್ತಿ ಮದುವೆಗೆ ಮೊದಲಿನಿಂದ ಒಂದು ವರ್ಷನೂ ಆ ಒಪ್ಪತ್ತು ಬಿಟ್ಟಾಕಿ ಅಲ್ಲ. ಬಿಡ್ತೀನಿ ಅನ್ಲಿಕ್ಕೆ ಆಕೆಗೆ ಬಾಯಿ ಬರ್ತಿದ್ದಿಲ್ಲ, ಬಿಡು ಅನ್ಲಿಕ್ಕೆ ನಮಗೆ ಧೈರ್ಯ ಇದ್ದಿಲ್ಲ.

ಸೋಮವಾರ ಮುಂಜಾನೆ 9:30ಕ್ಕೆ ಆಯಿ ತಾನೇ ಸಣ್ಣ ಬಟ್ಟಲಿನಾಗ ಹೆಸರುಬ್ಯಾಳಿ ತಂದು ಅತ್ತಿ ಮುಂದಿಟ್ಟಳು. "ಉಣ್ಣು. ಈ ವರ್ಷ ನಿನ್ನ ಒಪ್ಪತ್ತು ನಾ ಹಿಡಿದೀನಿ" ಅಂದಳು. ಅತ್ತಿ ಕಣ್ಣು ಒರೆಸ್ಕೊಂಡು, ಅಗಿದು ಅಗಿದು, ಇಪ್ಪತ್ತು ನಿಮಿಷ ಉಂಡಳು. 12ಕ್ಕೆ ಮತ್ತೆ ಆಯಿದೇ ಕೂಗು: "ಏ, ಟೈಮ್ ಆತು ನೋಡ್."

ನಿಮ್ಮ ಮನ್ಯಾಗ, ಓಣ್ಯಾಗ ಇಂಥ ಆಪರೇಷನ್ ಆದವರು ಇದ್ರೆ ಎರಡೇ ಕೆಲಸ ಮಾಡ್ರಿ. "ಒಂದೇ ಒಂದು ತಗೋರಿ" ಅಂತ ಒತ್ತಾಯ ಮಾಡಬ್ಯಾಡ್ರಿ. "ಎಷ್ಟ್ ಸಲ ಉಣ್ತೀರಿ" ಅಂತ ನಗಬ್ಯಾಡ್ರಿ. ನಾನು ಮೊದಲನೇದು ಮಾಡಿ ಕಲಿತೆ.

ನಿಮ್ಮ ಮುತ್ಯಾ, ಆಯಿ ದಿನಕ್ಕೆ ಎಷ್ಟು ಹೊತ್ತು ಉಣ್ತಿದ್ರು? ಕೇಳಿ ಕಾಮೆಂಟ್‌ನಲ್ಲಿ ಬರೀರಿ. ಬೇಕಾದವರಿಗೆ ಕಳಸ್ರಿ, ಸೇವ್ ಮಾಡಿಟ್ಕೊಳ್ರಿ.

#ನರೋಣಾ #ಆಳಂದ #ಕಲಬುರಗಿ #ಒಪ್ಪತ್ತು #ಊಟದಇತಿಹಾಸ