ನವರಸಪುರ: ಗೋಡೆ ದಾಟಿ ಹೊರಟ ಊರು

ವಿಜಯಪುರದಿಂದ ಟಿಕೋಟಾ ಮಾರ್ಗವಾಗಿ ಕಳ್ಳಕವಟಗಿಯ ಕಡೆ ಹೊರಟವರಿಗೆ ಊರ ಹೊರಗೆ ಮೊದಲು ಸಿಗುವ ಊರು ತೊರವಿ. ಕನ್ನಡ ಓದುಗರಿಗೆ ಈ ಹೆಸರು ಹೊಸದಲ್ಲ. ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ಕವಿಯ ರಾಮಾಯಣಕ್ಕೆ 'ತೊರವೆ ರಾಮಾಯಣ' ಎಂಬ ಹೆಸರು ಬಂದದ್ದು ಈ ಊರಿನಿಂದಲೇ. ಅದೇ ತೊರವಿಯ ಬಳಿ, ಹೊಲಗಳ ನಡುವೆ, ಎತ್ತರದ ಕಮಾನುಗಳಿರುವ ಒಂದು ಪಾಳು ಅರಮನೆ ನಿಂತಿದೆ. ಜನ ಅದನ್ನು ಸಂಗೀತ ಮಹಲ್ ಎನ್ನುತ್ತಾರೆ. ಈ ರಸ್ತೆಯಲ್ಲಿ ದಿನಾಲೂ ಓಡಾಡುವ ನಮ್ಮಲ್ಲಿ ಅನೇಕರು ಅದನ್ನು ಅರಸನೊಬ್ಬನ ವಿಲಾಸದ ಮನೆಯೆಂದು ತಿಳಿದು ಮುಂದೆ ಸಾಗುತ್ತೇವೆ. ಅಲ್ಲಿ ಒಂದು ಕಾಲಕ್ಕೆ ಇಡೀ ಒಂದು ರಾಜಧಾನಿಯೇ ಎದ್ದು ನಿಲ್ಲಬೇಕಾಗಿತ್ತು ಎಂಬುದು ಎಲ್ಲರಿಗೂ ತಿಳಿದಿಲ್ಲ. ಆ ರಾಜಧಾನಿಯ ಹೆಸರು ನವರಸಪುರ.

ಇಕ್ಕಟ್ಟಾದ ಊರನ್ನು ಬಿಟ್ಟು, ಗಾಳಿ ಬೆಳಕು ಇರುವಲ್ಲಿ ಹೋಗಿ ನೆಲೆಸಬೇಕೆಂಬ ಆಸೆ ಇಂದಿನದೇನೂ ಅಲ್ಲ. ಮನೆ ಬಾಡಿಗೆ ಕೈಗೆಟುಕುವುದಿಲ್ಲ, ರಸ್ತೆ ದಾಟುವುದೇ ಒಂದು ಸಾಹಸ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದರೊಳಗೆ ಅರ್ಧ ಬೆಳಗು ಮುಗಿದಿರುತ್ತದೆ. ಬೆಂಗಳೂರು, ಪುಣೆಗಳಲ್ಲಿ ದುಡಿಯುವ ನಮ್ಮ ಕಡೆಯವರು ರಜೆಗೆ ಬಂದಾಗ ಆಡುವ ಮಾತುಗಳಿವು. ಈಗೀಗ ವಿಜಯಪುರದ ಗಾಂಧಿ ಚೌಕದ ಸುತ್ತಲಿನವರೂ ಇದನ್ನೇ ಹೇಳತೊಡಗಿದ್ದಾರೆ. ಹೊರಟರೆ ಎಲ್ಲಿಗೆ ಹೋಗಬೇಕು, ಹೋದ ಮೇಲೆ ಅಲ್ಲಿ ಉಳಿಯಲು ಏನು ಬೇಕು ಎಂಬ ಪ್ರಶ್ನೆಗಳಿಗೆ ನವರಸಪುರದ ಕಥೆಯಲ್ಲಿ ಒಂದಿಷ್ಟು ಉತ್ತರವಿದೆ.

ಮೊದಲು ಹಳೆಯ ಊರಿನ ಸ್ಥಿತಿಯನ್ನು ನೋಡೋಣ. 1565ರ ತಾಳಿಕೋಟೆ ಯುದ್ಧದ ನಂತರ ಒಂದನೇ ಅಲಿ ಆದಿಲ್ ಶಾಹ ಬಿಜಾಪುರಕ್ಕೆ ಭಾರಿ ಕೋಟೆಗೋಡೆ ಕಟ್ಟಿಸಿದ. ಸುಮಾರು 10 ಕಿಲೋಮೀಟರ್ ಸುತ್ತಳತೆಯ ಈ ಗೋಡೆಗೆ ಮಕ್ಕಾ, ಶಾಹಪುರ, ಬಹಮನಿ, ಅಲ್ಲಾಪುರ, ಫತೇಹ್ ಎಂಬ ಐದು ಮುಖ್ಯ ದರ್ವಾಜಾಗಳು. ಸೈನ್ಯ, ಸರಕು, ಕುದುರೆ, ಎತ್ತಿನ ಬಂಡಿ ಎಲ್ಲವೂ ಹೆಚ್ಚಾಗಿ ಈ ಬಾಗಿಲುಗಳ ಮೂಲಕವೇ ಹಾಯಬೇಕು. ಶತ್ರುವನ್ನು ತಡೆಯಲು ಕಟ್ಟಿದ ಬಾಗಿಲು ಮಿತ್ರನನ್ನೂ ನಿಧಾನ ಮಾಡುತ್ತದೆ. ವಿಜಯದ ಬೆನ್ನಿಗೆ ಸಂಪತ್ತು ಬಂತು, ಸಂಪತ್ತಿನ ಬೆನ್ನಿಗೆ ಜನ ಬಂದರು. ಇರಾನಿನ ಕವಿಗಳು, ಅರಬ್ ವರ್ತಕರು, ಹಬಶಿ ಸರದಾರರು, ಮರಾಠಾ ಕಾರಭಾರಿಗಳು, ಕಲ್ಲುಕುಟಿಗರು, ನೇಕಾರರು ಎಲ್ಲರಿಗೂ ಇಲ್ಲಿ ಕೆಲಸವಿತ್ತು. ಊರು ಬೆಳೆಯಿತು, ಗೋಡೆ ಬೆಳೆಯಲಿಲ್ಲ.

ಗೋಡೆಯ ಹೊರಗೆ ವಾಯವ್ಯ ದಿಕ್ಕಿನಲ್ಲಿ ಶಾಹಪುರ ಎಂಬ ಪೇಟೆ ಬೆಳೆದಿತ್ತು. ಅಲ್ಲಿಯ ದಿಬ್ಬದ ಮೇಲೆ ಮೀರಾಂಜಿ ಶಮ್ಸುಲ್ ಉಶ್ಶಾಕ್ ಮತ್ತು ಅವರ ವಂಶದ ಸೂಫಿಗಳು ಅರಮನೆಯಿಂದ ದೂರ ಉಳಿದು, ಜನರಿಗೆ ತಿಳಿಯುವ ದಖನಿ ಭಾಷೆಯಲ್ಲಿ ಬರೆದರು, ಬೋಧಿಸಿದರು. ಜನ ತಾವಾಗಿಯೇ ಅವರನ್ನು ಹುಡುಕಿಕೊಂಡು ಗೋಡೆ ದಾಟಿ ಹೋದರು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಯಾಕೆಂದರೆ ಮುಂದೆ ನಾವು ನೋಡುವುದು ಹುಕುಮಿನಿಂದ ಕಟ್ಟಿದ ಊರನ್ನು.

ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಲ್ಲಿ ಬಾಲಕನಾಗಿದ್ದಾಗಲೇ ಪಟ್ಟವೇರಿದ. ಚಾಂದ್‌ಬೀಬಿಯ ಆಸರೆಯಲ್ಲಿ ಬೆಳೆದ ಈ ಅರಸನಿಗೆ ಸಂಗೀತವೆಂದರೆ ಪ್ರಾಣ. ಪ್ರಜೆಗಳು 'ಜಗದ್ಗುರು' ಎಂದು ಕರೆದ ಆತ ದಖನಿಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕ ರಚಿಸಿದ. ನವರಸ ಎಂಬ ಪದದ ಮೇಲೆ ಅವನಿಗೆ ಎಷ್ಟು ಮೋಹವೆಂದರೆ ಪುಸ್ತಕಕ್ಕೂ ಅದೇ ಹೆಸರು, ಉತ್ಸವಕ್ಕೂ ಅದೇ, ಅರಮನೆಗೂ ಅದೇ. 1599ರಲ್ಲಿ ಆತ ಬಿಜಾಪುರದ ಪಶ್ಚಿಮಕ್ಕೆ ಹೊಸ ನಗರವೊಂದಕ್ಕೆ ಕೈ ಹಾಕಿದಾಗ ಅದಕ್ಕೂ ಅದೇ ಹೆಸರು ಬಂತು.

ಇಪ್ಪತ್ತು ಸಾವಿರ ಕೆಲಸಗಾರರನ್ನು ಕರೆಸಲಾಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ಅಮೀರರಿಗೂ ವರ್ತಕರಿಗೂ ಅಲ್ಲಿ ಮನೆ ಕಟ್ಟಿಕೊಳ್ಳಲು ಸೂಚನೆ ಹೋಯಿತು. ಬಿಜಾಪುರದ ಗಗನ ಮಹಲನ್ನು ಹೋಲುವ ಅರಮನೆ ಎದ್ದಿತು. ಸುತ್ತಲೂ ದೊಡ್ಡ ಕೋಟೆಗೋಡೆಯ ಕೆಲಸವೂ ಶುರುವಾಯಿತು. ಜಾಗದ ಆಯ್ಕೆಯಲ್ಲಿ ಜಾಣತನವಿತ್ತು. ತೊರವಿಯ ನೆಲ ಎತ್ತರದ್ದು. ಬಿಜಾಪುರಕ್ಕೆ ನೀರು ಬರುತ್ತಿದ್ದದ್ದೇ ಈ ಕಡೆಯಿಂದ. ನೆಲದಡಿ ಕೊರೆದ ಸುರಂಗದಲ್ಲಿ, ನಡುನಡುವೆ ಗಾಳಿಬಾವಿಗಳನ್ನಿಟ್ಟು, ಇಳಿಜಾರಿನ ಬಲದಿಂದಲೇ ನೀರನ್ನು ಊರಿಗೆ ಹರಿಸುತ್ತಿದ್ದರು. ಸುರಂಗ ಬಾವಡಿ ಎಂಬ ಹೆಸರು ಇಂದಿಗೂ ಉಳಿದಿದೆ. ಅಂದರೆ ಅರಸ ತನ್ನ ಹೊಸ ಊರನ್ನು ಹಳೆಯ ಊರಿನ ನೀರಿನ ಬುಡಕ್ಕೇ ಒಯ್ದಿದ್ದ.

ಆದರೂ ಊರು ನಿಲ್ಲಲಿಲ್ಲ. ರಾಜಧಾನಿ ಬದಲಿಸಿದರೆ ಕೇಡಾಗುತ್ತದೆ ಎಂದು ಜ್ಯೋತಿಷಿಗಳು ಹೆದರಿಸಿದ್ದರಿಂದ ಕೆಲಸ ನಿಂತಿತು ಎಂಬ ಹೇಳಿಕೆಯಿದೆ. ಕೋಟೆಗೋಡೆ ಪೂರ್ತಿಯಾಗಲೇ ಇಲ್ಲ. 1624ರಲ್ಲಿ ಅಹಮದನಗರದ ಹಬಶಿ ಮಂತ್ರಿ ಮಲಿಕ್ ಅಂಬರ್ ಭಾತವಡಿಯಲ್ಲಿ ಮೊಗಲ್ ಮತ್ತು ಬಿಜಾಪುರದ ಸೇನೆಗಳನ್ನು ಸೋಲಿಸಿ ಬಿಜಾಪುರದ ಕಡೆ ನುಗ್ಗಿದ. ಹಳೆಯ ಊರು ತನ್ನ ಗೋಡೆಯ ಮರೆಯಲ್ಲಿ ಉಳಿದುಕೊಂಡಿತು. ಬಯಲಿನಲ್ಲಿದ್ದ ನವರಸಪುರವನ್ನು ಆತ ಕೊಳ್ಳೆ ಹೊಡೆದು ಹಾಳುಗೆಡವಿದ. ಮೂರು ವರ್ಷಗಳಲ್ಲಿ ಇಬ್ರಾಹಿಮನೂ ತೀರಿಕೊಂಡ. ಅವನ ರೋಜಾ ಇರುವುದು ಗೋಡೆಯ ಹೊರಗೆ, ಪಶ್ಚಿಮದಲ್ಲಿ. ಹಳೆಯ ಊರು ಮತ್ತು ಕನಸಿನ ಊರಿನ ನಡುವೆ ಆತ ಮಲಗಿದ್ದಾನೆ.

ಸಾಮಾನ್ಯವಾಗಿ ಇತಿಹಾಸದ ಪುಸ್ತಕಗಳು ಇಲ್ಲಿಗೆ ಪುಟ ತಿರುವುತ್ತವೆ: ಮಲಿಕ್ ಅಂಬರ್ ಸುಟ್ಟ, ಊರು ಸತ್ತಿತು. ಆದರೆ ಅದೇ ಮಲಿಕ್ ಅಂಬರನ ಇನ್ನೊಂದು ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಉತ್ತರ ಸಾಲದು ಅನಿಸುತ್ತದೆ. ನವರಸಪುರವನ್ನು ಹಾಳು ಮಾಡಿದ ಆತ ಸ್ವತಃ ಒಂದು ಊರು ಕಟ್ಟಿದವನು. 1610ರಲ್ಲಿ ಖಡಕಿ ಎಂಬ ಹಳ್ಳಿಯನ್ನು ರಾಜಧಾನಿಯನ್ನಾಗಿ ಮಾಡಿ, ನೆಲದಡಿಯ ಕಾಲುವೆಯಿಂದ ನೀರು ತಂದ. ಅದು 'ನಹರ್-ಎ-ಅಂಬರಿ' ಎಂದು ಪ್ರಸಿದ್ಧ. ಮೊಗಲರು 1616ರಲ್ಲಿ ಆ ಊರನ್ನು ಸುಟ್ಟರು, 1621ರಲ್ಲಿ ಮತ್ತೊಮ್ಮೆ ಹಾಳು ಮಾಡಿದರು. ಎರಡು ಸಲವೂ ಖಡಕಿ ಮತ್ತೆ ಎದ್ದಿತು. ಮುಂದೆ ಔರಂಗಾಬಾದ್ ಎಂದು ಹೆಸರು ಬದಲಾಯಿತು, 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಹೆಸರುಗಳು ಬಂದು ಹೋದವು, ಊರು ಮಾತ್ರ ಉಳಿದಿದೆ. ಬೆಂಕಿ ಎರಡೂ ಊರಿಗೆ ಬಿತ್ತು. ಒಂದು ಮತ್ತೆ ಚಿಗುರಿತು, ಇನ್ನೊಂದು ಹೊಲವಾಯಿತು.

ಅದೇ ಕಾಲದ ಮೂರನೆಯ ಊರು ಹೈದರಾಬಾದ್. ಗೋಲ್ಕೊಂಡಾ ಕೋಟೆಯೊಳಗೆ ಜನ ಹೆಚ್ಚಾಗಿ, ಗಾಳಿ ಕೆಟ್ಟು, ನೀರು ಸಾಲದೆ ಬಂದಾಗ ಮಹಮ್ಮದ್ ಕುಲಿ ಕುತುಬ್ ಶಾಹ 1591ರಲ್ಲಿ ಮೂಸಿ ನದಿಯಾಚೆ ಹೊಸ ನಗರಕ್ಕೆ ಅಡಿಪಾಯ ಹಾಕಿದ. ಗೋಲ್ಕೊಂಡಾದ ಕೆಟ್ಟ ಹವೆಯ ಸಂಗತಿಯನ್ನು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಶ್ತಾ ದಾಖಲಿಸಿದ್ದಾನೆ. ಅಲ್ಲಿ ಕ್ರಮ ಹೇಗಿತ್ತು ನೋಡಿ. ಊರು ಕಟ್ಟುವ 13 ವರ್ಷ ಮೊದಲೇ, 1578ರಲ್ಲಿ, ನದಿಗೆ ಸೇತುವೆಯಾಗಿತ್ತು. ಆಮೇಲೆ ನಾಲ್ಕು ಹೆದ್ದಾರಿಗಳು ಕೂಡುವ ಜಾಗ ಗುರುತಿಸಿ ಅಲ್ಲಿ ಚಾರ್‌ಮಿನಾರ್ ನಿಲ್ಲಿಸಿದರು, ಅದರ ಸುತ್ತ ಬಾಜಾರ ಹರಡಿತು. ದಾರಿ ಮೊದಲು, ಅಂಗಡಿ ಆಮೇಲೆ. ಗೋಲ್ಕೊಂಡಾದಿಂದ ಹೊರಟವನಿಗೆ ಹೊಸ ಊರಿನಲ್ಲೇ ರೊಟ್ಟಿ ಸಿಕ್ಕಿತು.

ನವರಸಪುರದಲ್ಲಿ ಸಿಗದೇ ಹೋದದ್ದು ಇದೇ ಇರಬೇಕೆಂದು ನಮಗೆ ತೋರುತ್ತದೆ. ಅದು ಬಿಜಾಪುರದಿಂದ ಕೂಗಳತೆ ದೂರದಲ್ಲಿತ್ತು ಎನ್ನಬಹುದು, ಕುದುರೆಯ ಮೇಲೆ ಒಂದು ಗಳಿಗೆಯ ದಾರಿ. ಅಮೀರ ಅಲ್ಲಿ ಹವೇಲಿ ಕಟ್ಟಿಕೊಂಡು ಹಳೆಯ ಮನೆಯನ್ನೂ ಇಟ್ಟುಕೊಳ್ಳಬಹುದಿತ್ತು. ಆದರೆ ಬಾಜಾರ ಬಿಜಾಪುರದಲ್ಲೇ ಗಟ್ಟಿಯಾಗಿ ಕೂತಿತ್ತು. 1604ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್ ಇಲ್ಲಿ ಕಂಡ ಬಾಜಾರದ ಬಗ್ಗೆ ಬರೆದಿದ್ದಾನೆ: 30 ಗಜ ಅಗಲ, ಸುಮಾರು ಎರಡು ಕೋಸು ಉದ್ದ, ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ, ಎಲ್ಲೆಡೆ ಸ್ವಚ್ಛತೆ. ಆತನೇ ಇಲ್ಲಿಂದ ಹೊಗೆಸೊಪ್ಪು ಒಯ್ದು ಅಕ್ಬರನಿಗೆ ತೋರಿಸಿದವನು. ಜಗತ್ತಿನ ಹೊಸ ಸರಕು ಸಿಗುವ ಇಂಥ ಪೇಟೆಯನ್ನು ಯಾವ ವರ್ತಕ ಬಿಟ್ಟು ಹೋದಾನು?

ಅರಸನ ಮನಸ್ಸೂ ಪೂರ್ತಿ ಅತ್ತ ಹೋಗಿರಲಿಲ್ಲ. 1620ರಲ್ಲಿ, ಅಂದರೆ ಮಲಿಕ್ ಅಂಬರನ ದಾಳಿಗೆ ನಾಲ್ಕು ವರ್ಷ ಮೊದಲು, ಹಳೆಯ ಊರಿನ ಮಕ್ಕಾ ದರ್ವಾಜಾದ ಹತ್ತಿರ ತಾಜ್ ಬಾವಡಿ ಸಿದ್ಧವಾಯಿತು. ಬಿಟ್ಟು ಹೋಗುವ ಊರಿನಲ್ಲಿ ಯಾರೂ ಅಷ್ಟು ದೊಡ್ಡ ಬಾವಿ ತೋಡಿಸುವುದಿಲ್ಲ. ಬೆಂಕಿ ಬೀಳುವ ಮೊದಲೇ ನವರಸಪುರದ ಭವಿಷ್ಯ ತೀರ್ಮಾನವಾಗಿತ್ತು. ಅದು ಹಬ್ಬದ ಊರಾಗಿತ್ತು, ಸಂತೆಯ ಊರಾಗಲಿಲ್ಲ. ಖಡಕಿ ಮತ್ತೆ ಎದ್ದದ್ದು ಅಲ್ಲಿಯ ಜನಕ್ಕೆ ಮರಳಿ ಹೋಗಲು ಬೇರೆ ಊರು ಇರಲಿಲ್ಲವಾದ್ದರಿಂದ, ಬದುಕು ಅಲ್ಲೇ ಬೇರು ಬಿಟ್ಟದ್ದರಿಂದ. ನವರಸಪುರದವರಿಗೆ ಹಿಂದಿರುಗಲು ಬಿಜಾಪುರವಿತ್ತು.

ಈ ಮಾತು ನಂತರದ ಕಾಲಕ್ಕೂ ಹೊಂದುತ್ತದೆ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಮೇಲೆ ಊರು ಬರಿದಾಗುತ್ತ ಹೋಯಿತು. ಗೋಡೆ, ಗುಮ್ಮಟ, ಬಾವಿ ಎಲ್ಲ ಇದ್ದವು, ದರ್ಬಾರು ಇರಲಿಲ್ಲ, ಅದರ ಜೊತೆಗಿದ್ದ ಕೆಲಸವೂ ಇರಲಿಲ್ಲ. ಮತ್ತೆ ಜೀವ ಬಂದದ್ದು 1884ರಲ್ಲಿ ರೈಲು ಬಂದು, 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ. ಕಚೇರಿ ಬಂದಲ್ಲಿಗೆ ವಕೀಲ ಬಂದ, ವಕೀಲನ ಹಿಂದೆ ಖಾನಾವಳಿ ಬಂತು, ಖಾನಾವಳಿಗೆ ಜೋಳ ಬೆಳೆಯುವವನು ಬಂದ. ಅತ್ತ ಕಲಾದಗಿ ಮತ್ತೆ ಸಣ್ಣ ಊರಾಯಿತು.

ಬೆಂಗಳೂರಿನದೂ ಇದೇ ಪಾಠ. ಪೇಟೆಯ ಇಕ್ಕಟ್ಟನ್ನು ತಗ್ಗಿಸಲು ಮಲ್ಲೇಶ್ವರ ಮತ್ತು ಬಸವನಗುಡಿ ಎಂಬ ಬಡಾವಣೆಗಳನ್ನು 1890ರ ದಶಕದಲ್ಲಿ ರೂಪಿಸಲಾಯಿತು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆ ಬಿಟ್ಟು ಅಲ್ಲಿಗೆ ಹೋಗುವ ಅವಸರ ಹೆಚ್ಚಿತು. ಅಗಲ ರಸ್ತೆ, ಗಾಳಿಯಾಡುವ ಮನೆ, ಮರಗಳ ನೆರಳು. ಆದರೆ ನಿವೇಶನ ಕೊಳ್ಳುವ ಶಕ್ತಿ ಇದ್ದವರು ಹೋದರು, ಪೇಟೆಯ ಹಮಾಲ, ನೇಕಾರ, ಬಳೆಗಾರ ಪೇಟೆಯಲ್ಲೇ ಉಳಿದರು. ನೂರು ವರ್ಷ ಕಳೆಯುವಷ್ಟರಲ್ಲಿ ಆ ಬಡಾವಣೆಗಳೇ ನಗರದ ನಡುಮಧ್ಯವಾದವು, ವಾಹನಗಳ ಸಾಲು ಅಲ್ಲಿಗೂ ಬಂತು. ದುಡಿಮೆಯ ಜಾಗವನ್ನು ಅಲ್ಲೇ ಬಿಟ್ಟು ಮಲಗುವ ಜಾಗವನ್ನಷ್ಟೇ ದೂರ ಒಯ್ದರೆ ಗದ್ದಲ ನಮ್ಮ ಬೆನ್ನು ಹತ್ತಿ ಬರುತ್ತದೆ. ದಿನಕ್ಕೆ ಎರಡು ಸಲ ಅದೇ ರಸ್ತೆಯಲ್ಲಿ ನಾವೇ ಗದ್ದಲವಾಗುತ್ತೇವೆ.

ಯಾರು ಹೊರಡಬಲ್ಲರು ಎಂಬುದೂ ಸಣ್ಣ ಪ್ರಶ್ನೆಯಲ್ಲ. ನವರಸಪುರಕ್ಕೆ ಕರೆ ಹೋದದ್ದು ಅಮೀರರಿಗೆ, ವರ್ತಕರಿಗೆ. ಕಲ್ಲು ಹೊತ್ತ ಇಪ್ಪತ್ತು ಸಾವಿರ ಜನರ ಮನೆ ಎಲ್ಲಿ ಎಂದು ಕೇಳಿದ ದಾಖಲೆ ನಮಗೆ ಸಿಗುವುದಿಲ್ಲ. ಇಂದು ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕುವ ಮುಸ್ಲಿಂ ಅಥವಾ ದಲಿತ ಕುಟುಂಬಕ್ಕೆ ಬಾಡಿಗೆಯ ಮೊತ್ತಕ್ಕಿಂತ ಮೊದಲು ಹೆಸರಿನ ಪ್ರಶ್ನೆ ಎದುರಾಗುತ್ತದೆ. ಹಣ ಇದ್ದರೂ ಇಕ್ಕಟ್ಟಿನ ಮೊಹಲ್ಲಾದಲ್ಲೇ ಉಳಿಯಬೇಕಾದವರು ಹಲವರು. ಹಿಂದೆ ಕಲ್ಲಿನ ಗೋಡೆಗೆ ಐದು ದರ್ವಾಜಾ ಇದ್ದವು. ಈಗಿನ ಈ ಗೋಡೆಗೆ ದರ್ವಾಜಾ ಎಲ್ಲಿದೆ ಎಂದು ಹೊರಗಿನವನು ಹುಡುಕಬೇಕು.

ಇನ್ನು ನಮ್ಮ ಪಶ್ಚಿಮದ ರಸ್ತೆಗೆ ಬರೋಣ. ಅರಸ ಕವಿಗಳನ್ನೂ ವಿದ್ವಾಂಸರನ್ನೂ ಕೂಡಿಸಬೇಕೆಂದಿದ್ದ ತೊರವಿಯಲ್ಲಿ ಇಂದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. 2003ರಲ್ಲಿ ಆರಂಭವಾದ ಈ ಸಂಸ್ಥೆಗೆ ನಾಡಿನ ಮೂಲೆಮೂಲೆಯ ಹೆಣ್ಣುಮಕ್ಕಳು ಓದಲು ಬರುತ್ತಾರೆ. ಹುಕುಮಿನಿಂದ ನಿಲ್ಲದ ಜಾಗದಲ್ಲಿ ಪಾಠದಿಂದ ಒಂದು ಊರು ಬೆಳೆಯುತ್ತಿದೆ. ಮುಂದೆ ಟಿಕೋಟಾ 2018ರಲ್ಲಿ ತಾಲೂಕಾಯಿತು. ಕಳ್ಳಕವಟಗಿಯ ರೈತ ತಹಶೀಲ್ದಾರರನ್ನು ಕಾಣಲು ವಿಜಯಪುರದ ತನಕ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳುವುದು ತಪ್ಪಿತು. ಈ ಭಾಗದ ದ್ರಾಕ್ಷಿ, ಒಣದ್ರಾಕ್ಷಿ ಹೆಸರಾದದ್ದು. ಏತ ನೀರಾವರಿಯಿಂದ ಕೃಷ್ಣೆಯ ನೀರು ಟಿಕೋಟಾ ಸೀಮೆಗೆ ಬಂದ ಮೇಲೆ ಬರಗಾಲದ ಭಯ ಒಂದಷ್ಟು ತಗ್ಗಿದೆ. ದಾರಿ, ನೀರು, ಕಚೇರಿ, ಪೇಟೆ. ಹೈದರಾಬಾದಿಗೆ ಸಿಕ್ಕ, ನವರಸಪುರಕ್ಕೆ ಪೂರ್ತಿ ಸಿಗದ ಸಂಗತಿಗಳು ಒಂದೊಂದಾಗಿ ಹಳ್ಳಿಗಳ ಕಡೆ ನಡೆದು ಬರುತ್ತಿವೆ.

2020ರ ಲಾಕ್‌ಡೌನಿನಲ್ಲಿ ದೊಡ್ಡ ಊರುಗಳಿಂದ ಸಾವಿರಾರು ಜನ ತಮ್ಮ ಹಳ್ಳಿಗಳಿಗೆ ಮರಳಿದರು. ಆ ದಿನ ಕೆಲವರಿಗೆ ಇಲ್ಲೇ ಉಳಿಯಬೇಕೆನಿಸಿದ್ದು ನಿಜ. ಬಾಗಿಲು ತೆರೆದೊಡನೆ ಹೆಚ್ಚಿನವರು ಹಿಂದಿರುಗಿದರು. ಹಳ್ಳಿಯ ಗಾಳಿ ಅವರಿಗೆ ಬೇಡವಾಗಿತ್ತೆಂದಲ್ಲ. ತಿಂಗಳ ಕೊನೆಗೆ ಸಂಬಳ, ರಾತ್ರಿ ಹೊತ್ತು ಡಾಕ್ಟರು, ಮಗಳ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಬಸ್ಸು, ಇವು ಎಲ್ಲಿವೆಯೋ ಮನುಷ್ಯ ಅಲ್ಲಿರುತ್ತಾನೆ. ಗದ್ದಲದ ಊರಿನಿಂದ ಜನರನ್ನು ಹೊರತರಬೇಕೆಂದು ಯೋಚಿಸುವವರು ನಿವೇಶನದ ನಕ್ಷೆಗಿಂತ ಮೊದಲು ಈ ಮೂರರ ಲೆಕ್ಕ ಹಾಕಬೇಕು. ಆ ಲೆಕ್ಕ ತಪ್ಪಿದಲ್ಲಿ ಏನಾಗುತ್ತದೆ ಎಂಬುದನ್ನು ತೊರವಿಯ ಹೊಲದಲ್ಲಿ ನಿಂತ ಕಮಾನುಗಳು ನಾಲ್ಕು ನೂರು ವರ್ಷಗಳಿಂದ ಹೇಳುತ್ತಿವೆ. ಬಸ್ಸು ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಇಳಿದು ನೋಡುವುದು ನಮ್ಮ ಕೈಯಲ್ಲಿದೆ.