ಕಾನೂನಿಗೆ ‘ಮಗು’ ಎಂದರೆ ಯಾರು?

‘ಮಲತಾಯಿ ಧೋರಣೆ’ ಎಂಬ ಮಾತನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇವೋ! ಅನುದಾನ ಬರದಿದ್ದರೂ ಅದೇ ಮಾತು, ರೈಲು ಬಿಡದಿದ್ದರೂ ಅದೇ ಮಾತು. ಆ ‘ಮಲ’ ಎಂಬ ಎರಡಕ್ಷರದ ಭಾರ ನನಗೆ ನಿಜವಾಗಿ ತಿಳಿದದ್ದು, ದೊಡ್ಡಮ್ಮನ ಮಗಳು ಅಮೆರಿಕದಿಂದ ಫೋನ್ ಮಾಡಿ ಅತ್ತ ದಿನ.

ಭಾವ ತೀರಿಕೊಂಡು ಐದು ವರ್ಷಗಳಾದ ಮೇಲೆ ಅಕ್ಕ, ಅಮೆರಿಕದ ಪೌರತ್ವ ಪಡೆದಿದ್ದ ಕನ್ನಡಿಗರೊಬ್ಬರನ್ನು ಮದುವೆಯಾದಳು. ಹದಿಮೂರು ವರ್ಷದ ಮಗಳೊಂದಿಗೆ ಗ್ರೀನ್ ಕಾರ್ಡ್ ಪಡೆದು ಅಲ್ಲಿಗೆ ಹೋದಳು. ‘ಅಪ್ಪ ಸಿಟಿಜನ್ ಅಂದಮೇಲೆ ಮಗಳೂ ಸಿಟಿಜನ್ ತಾನೆ’ ಎಂದು ಮನೆಯವರೆಲ್ಲ ಅಂದುಕೊಂಡಿದ್ದೆವು. ಎರಡು ವರ್ಷದ ನಂತರ ಮಗಳಿಗೆ ಅಲ್ಲಿನ ಪಾಸ್‌ಪೋರ್ಟ್ ಕೇಳಿದರೆ ಅರ್ಜಿ ತಿರಸ್ಕೃತವಾಯಿತು. ಮಲತಂದೆಯ ಪೌರತ್ವ ಮಲಮಗಳಿಗೆ ಬರುವುದಿಲ್ಲವಂತೆ.

“ಮನೇಲಿ ಅವರನ್ನ ಅಪ್ಪಾಜಿ ಅಂತಾಳೆ ಕಣೇ. ಕಾಗದದಲ್ಲಿ ಮಾತ್ರ ಅವರು ಅವಳಿಗೆ ಏನೂ ಅಲ್ಲ” ಎಂದಳು ಅಕ್ಕ.

ನಾನು ಎಂಟೆಕ್ ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು, ವಕೀಲೆಯಲ್ಲ. ಆದರೂ ಕೋಡ್‌ನಲ್ಲಿ ದೋಷ ಹುಡುಕುವ ಹಾಗೆ ಈ ಕಾನೂನುಗಳ ಹಿಂದಿನ ಕಥೆ ಓದುತ್ತಾ ಕುಳಿತೆ.

ಮೊದಲು ನಮ್ಮ ದೇಶದ್ದೇ ನೋಡಿದೆ. 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ವಿದೇಶದಲ್ಲಿ ಹುಟ್ಟಿದ ಮಗು ವಂಶದ ಮೂಲಕ ಭಾರತೀಯನಾಗಬೇಕಿದ್ದರೆ ಅದು ಹುಟ್ಟುವಾಗ ತಂದೆ ಭಾರತದ ಪೌರನಾಗಿರಬೇಕಿತ್ತು. ಒಂಬತ್ತು ತಿಂಗಳು ಹೊತ್ತು ಹೆತ್ತವಳ ಪೌರತ್ವ ಲೆಕ್ಕಕ್ಕೇ ಇರಲಿಲ್ಲ! ತಂದೆ ಅಥವಾ ತಾಯಿ, ಯಾರಾದರೊಬ್ಬರು ಸಾಕು ಎಂದಾದದ್ದು 1992ರ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು ಆ ವರ್ಷದ ಡಿಸೆಂಬರ್ 10ರಂದು. ಇಲ್ಲೂ ನೋಡುವುದು ಮಗು ಹುಟ್ಟಿದಾಗಿನ ತಂದೆ ತಾಯಿಯನ್ನು. ಆಮೇಲೆ ಮದುವೆಯಿಂದ ಬಂದ ಮಲತಂದೆ, ಮಲತಾಯಿಗೆ ಅದರಲ್ಲಿ ಜಾಗವಿಲ್ಲ.

ಅದೇ 1992ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲೂ ಒಬ್ಬ ತಾಯಿ ಗೆದ್ದಳು. ಆಕೆ ಯೂನಿಟಿ ಡೌ ಎಂಬ ವಕೀಲೆ, ಗಂಡ ಅಮೆರಿಕದವನು. ಮದುವೆಗೆ ಮೊದಲು ಹುಟ್ಟಿದ ಮಗು ಬೋಟ್ಸ್ವಾನಾದ ಪ್ರಜೆ. ಮದುವೆಯ ನಂತರ ಅದೇ ನೆಲದಲ್ಲಿ ಹುಟ್ಟಿದ ಇಬ್ಬರು ವಿದೇಶಿಯರು! 1991ರಲ್ಲಿ ಹೈಕೋರ್ಟ್‌ನಲ್ಲಿ ಗೆದ್ದ ಆಕೆ, ಮರುವರ್ಷ ಮೇಲ್ಮನವಿಯಲ್ಲೂ ಗೆದ್ದರು. ಮುಂದೆ ಆ ದೇಶದ ಹೈಕೋರ್ಟ್‌ನ ಮೊದಲ ಮಹಿಳಾ ನ್ಯಾಯಾಧೀಶೆಯೂ ಆದರು.

ಇನ್ನು ಅಮೆರಿಕ. 1855ರ ಕಾನೂನಿನಲ್ಲಿ ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆಯ ಪೌರತ್ವ ಮಾತ್ರ ಬರುತ್ತಿತ್ತು. ತಾಯಿಯಿಂದಲೂ ಬರಬಹುದು ಎಂದಾದದ್ದು 1934ರ ಮೇ 24ರಿಂದ. ಮಲಮಕ್ಕಳ ವಿಷಯ ಬರುವುದು 1952ರ ವಲಸೆ ಮತ್ತು ಪೌರತ್ವ ಕಾಯ್ದೆಯಲ್ಲಿ. ಅದರಲ್ಲಿ ‘ಮಗು’ ಎಂಬ ಪದಕ್ಕೆ ಎರಡು ವ್ಯಾಖ್ಯೆಗಳಿವೆ. ವೀಸಾ, ಗ್ರೀನ್ ಕಾರ್ಡ್‌ಗೆ ಮಲಮಗುವೂ ಮಗುವೇ. ಮಗುವಿಗೆ 18 ತುಂಬುವ ಮೊದಲು ಮದುವೆ ಆಗಿದ್ದರೆ ಸಾಕು. ಪೌರತ್ವದ ಭಾಗಕ್ಕೆ ಬಂದಾಗ ಮಲಮಗು ಮಾಯ! 2001ರ ಫೆಬ್ರವರಿ 27ರಂದು ಜಾರಿಗೆ ಬಂದ ಮಕ್ಕಳ ಪೌರತ್ವ ಕಾಯ್ದೆಯೂ ಹೆತ್ತ ಮಕ್ಕಳು, ದತ್ತು ಮಕ್ಕಳು ಎಂಬಲ್ಲಿಗೇ ನಿಂತಿತು. ನಮ್ಮ ಕೆಲಸದಲ್ಲಿ ಒಂದೇ ವೇರಿಯಬಲ್‌ಗೆ ಎರಡು ಅರ್ಥ ಕೊಟ್ಟರೆ ಪ್ರೋಗ್ರಾಂ ಕೈಕೊಡುತ್ತದೆ. ಇಲ್ಲಿ ಸಿಕ್ಕಿಹಾಕಿಕೊಂಡದ್ದು ಒಂದು ಹುಡುಗಿ.

ಅಕ್ಕನ ಮುಂದೆ ಎರಡು ದಾರಿಗಳಿದ್ದವು. ಒಂದು, 16 ತುಂಬುವ ಮೊದಲು ಮಲತಂದೆ ಮಗಳನ್ನು ದತ್ತು ಪಡೆಯುವುದು. ಮಗಳು ಒಪ್ಪಲಿಲ್ಲ. “ನನ್ನ ಅಪ್ಪನ ಹೆಸರಿರೋ ಜಾಗದಲ್ಲಿ ಇನ್ನೊಂದು ಹೆಸರು ಬೇಡ” ಎಂದಳು. ಆ ಹೊಸ ಭಾವ ದೊಡ್ಡ ಮನುಷ್ಯ. “ಅವಳು ಹೇಳೋದು ಸರಿಯಾಗೇ ಇದೆ” ಎಂದರು.

ಇನ್ನೊಂದು, ತಾಯಿಯೇ ಪೌರತ್ವ ಪಡೆಯುವುದು. ಗ್ರೀನ್ ಕಾರ್ಡ್ ಇದ್ದು ತಾಯಿಯ ಸುಪರ್ದಿಯಲ್ಲಿ ಅಲ್ಲೇ ಬೆಳೆಯುತ್ತಿರುವ ಮಗುವಿಗೆ, 18 ತುಂಬುವ ಮೊದಲು ತಾಯಿ ಪೌರಳಾದರೆ ಪೌರತ್ವ ತಾನಾಗಿಯೇ ಬರುತ್ತದೆ. ಪೌರನನ್ನು ಮದುವೆಯಾಗಿ ಜೊತೆಗಿರುವವರು ಗ್ರೀನ್ ಕಾರ್ಡ್ ಬಂದ ಮೂರು ವರ್ಷಕ್ಕೆ ಅರ್ಜಿ ಹಾಕಬಹುದು. ಅಕ್ಕ ಮೂರು ವರ್ಷ ದಿನ ಎಣಿಸಿದಳು. ಮಗಳ ಹದಿನೆಂಟನೇ ಹುಟ್ಟುಹಬ್ಬಕ್ಕೆ ನಾಲ್ಕು ತಿಂಗಳಿರುವಾಗ ಅಕ್ಕ ಪ್ರಮಾಣವಚನ ತೆಗೆದುಕೊಂಡಳು. ಅದೇ ಗಳಿಗೆಯಲ್ಲಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಗಳೂ ಅಮೆರಿಕದ ಪೌರಳಾದಳು. ಒಂದು ಕಾಲಕ್ಕೆ ಲೆಕ್ಕಕ್ಕೇ ಇಲ್ಲದಿದ್ದ ತಾಯಿಯ ಹೆಸರೇ ಕೊನೆಗೆ ಮಗಳ ಕೈಹಿಡಿಯಿತು.

ನಮ್ಮ ಮಹಿಳಾ ವೇದಿಕೆಯಲ್ಲೂ ಮಕ್ಕಳಿರುವ ಹೆಣ್ಣುಮಕ್ಕಳಿಗೆ ಮರುಮದುವೆ ನೋಡುವ ಒಳ್ಳೆಯ ಕಾಲ ಬಂದಿದೆ. ಸಂಬಂಧ ವಿದೇಶದ್ದಾದರೆ ಆ ದೇಶದ ನಿಯಮವನ್ನು ಮೊದಲೇ ವಕೀಲರಲ್ಲಿ ಕೇಳಿ ತಿಳಿದುಕೊಳ್ಳಿ. ಮದುವೆಗೆ ಮುಹೂರ್ತ ನೋಡುವಾಗ, ಮಗುವಿಗೆ ಹದಿನಾರು, ಹದಿನೆಂಟು ತುಂಬುವ ದಿನಗಳನ್ನೂ ಅದೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.